ನಾಲ್ಕನೇ ಜ್ವರ

ಬೊಮ್ಮನಕುಂಟೆಯಲ್ಲಿ ಹುಳುಗಳಿಗೆ ಜ್ವರ ಬಂತೆಂದರೆ ಮನುಷ್ಯರಿಗೆ ಬಿಡುವು. ರೇಷ್ಮೆಹುಳು ಮೊಟ್ಟೆಯೊಡೆದು ಬಂದು ಗೂಡು ಕಟ್ಟುವಷ್ಟರಲ್ಲಿ ನಾಲ್ಕು ಸಲ ಹಿಪ್ಪುನೇರಳೆ ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆ ಮೇಲೆತ್ತಿ ಅಲ್ಲಾಡದೆ ಕೂತು, ಹಳೆಯ ಚರ್ಮ ಕಳಚುತ್ತದೆ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟದ ಕಡೆ ಇದಕ್ಕೆ ಜ್ವರ ಅನ್ನುವುದು ವಾಡಿಕೆ. ಮೊದಲನೇ ಜ್ವರ, ಎರಡನೇ ಜ್ವರ, ಹೀಗೆ ಎಣಿಕೆ. ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ಊರಿನ ನಲವತ್ತು ಮನೆಯವರೂ ಒಂದೇ ಕಡೆಯಿಂದ ಒಂದೇ ದಿನ ಮರಿಹುಳು ತರುವುದರಿಂದ ಜ್ವರವೂ ನಲವತ್ತು ಮನೆಗೆ ಒಟ್ಟಿಗೇ. ಆ ಎರಡು ದಿನ ಸೊಪ್ಪು ಕೊಯ್ಯುವಂತಿಲ್ಲ, ಹೊರುವಂತಿಲ್ಲ. ಹೆಂಗಸರು ಕಂಬಳಿ ಒಗೆಯುತ್ತಾರೆ, ಗಂಡಸರು ಬಾಕಿ ಉಳಿದ ನಿದ್ದೆ ಮಾಡುತ್ತಾರೆ.

ಎರಡು ಸಾವಿರದ ಆರನೇ ಇಸವಿಯ ಜುಲೈ ತಿಂಗಳಿನ ಅಂಥದೊಂದು ದಿನ, ರಾಮಾಂಜಿನಪ್ಪನವರ ಸೊಸೆ ಶೋಭಾರಾಣಿ ಹಸು ಕಟ್ಟಲು ಹೆದ್ದಾರಿಯ ಅಂಚಿಗೆ ಬಂದಾಗ ಹೊಂಗೆಮರದ ಕೆಳಗೆ ಒಬ್ಬ ಮಡಿಚುವ ಕುರ್ಚಿ ಹಾಕಿಕೊಂಡು ಕೂತಿದ್ದ. ಮೂವತ್ತರ ಆಸುಪಾಸಿನವನು. ತೊಡೆಯ ಮೇಲೆ ರಿಜಿಸ್ಟರು, ಬೆನ್ನಿಗೆ ಬಿಸಿಲು. ನೋಡಿ ಸುಮ್ಮನಿರಲಾಗದೆ ಮನೆಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದಳು.

"ಯಾರಿಗಾದ್ರೂ ಕಾಯ್ತಿದ್ದೀರಾ ಸಾರ್?"

"ಇಲ್ಲ ಮೇಡಂ, ಸರ್ವೇ. ಬೆಂಗಳೂರಿಂದ ಬಂದಿದ್ದೀನಿ, ಜಗನ್ ಅಂತ. ಏನು, ನಿಮ್ಮೂರು ಇಷ್ಟು ಖಾಲಿ? ಬೆಳಗ್ಗೆಯಿಂದ ಒಂದು ನರಪಿಳ್ಳೆಯೂ ಇಲ್ಲ."

"ನಾಲ್ಕನೇ ಜ್ವರ ಸಾರ್. ಎಲ್ಲರ ಮನೇಲೂ. ನಾಳೆ ಸಂಜೆವರೆಗೂ ಯಾರೂ ಈ ಕಡೆ ಬರಲ್ಲ."

ಜಗನ್‌ನ ಕೈಯಲ್ಲಿದ್ದ ಲೋಟ ತುಟಿಯ ಹತ್ತಿರ ನಿಂತಿತು. "ನಾಲ್ಕನೇ ಸಲಾನಾ? ಡಾಕ್ಟ್ರು ಬಂದಿದ್ರಾ?"

"ಡಾಕ್ಟ್ರು ಯಾಕೆ ಸಾರ್. ತಾನಾಗೇ ಏಳುತ್ತೆ."

ಅವನು ಲೋಟವನ್ನು ಕಲ್ಲಿನ ಮೇಲಿಟ್ಟು ಮೂಗಿಗೆ ಕರ್ಚೀಫು ಕಟ್ಟಿಕೊಂಡ. ಧೂಳಿಗೆ ಇರಬೇಕೆಂದುಕೊಂಡು ಶೋಭಾ ಹಸುವಿನ ಹಗ್ಗ ಬಿಗಿದು ಹೊರಟಳು.

ಮಾರನೆಯ ದಿನ ಸಂಜೆ ಊಟಕ್ಕೆ ಕೂತಾಗಲೇ ವಿಷಯ ತಿಳಿದದ್ದು. ಅವತ್ತು ಮುದ್ದೆ, ಹುರುಳಿಕಾಳಿನ ಉಪ್ಪುಸಾರು. ಹುಳು ಮನೆಯಲ್ಲಿದ್ದಾಗ ಅತ್ತೆ ಅಕ್ಕಯ್ಯಮ್ಮನವರು ಒಗ್ಗರಣೆ ಹಾಕಗೊಡುವುದಿಲ್ಲ, ಘಾಟು ಹುಳಕ್ಕೆ ಆಗದೆಂದು. ಗಂಡ ಹರಿಕೃಷ್ಣ ದೇವನಹಳ್ಳಿಯ ಹೊಸ ಏರ್‌ಪೋರ್ಟಿನ ಕಾಮಗಾರಿಯಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ತಟ್ಟೆಗೆ ಕೈ ಹಾಕುವ ಮೊದಲೇ ಶುರು ಮಾಡಿದ.

"ಅಪ್ಪ, ರಸ್ತೆಗೆ ದುಡ್ಡು ಮಂಜೂರಾಯ್ತಂತೆ. ಏರ್‌ಪೋರ್ಟಿಂದ ಚಿಕ್ಕಬಳ್ಳಾಪುರದವರೆಗೂ ನಾಲ್ಕು ಲೈನು. ನಡುವೆ ಗೋಡೆ. ಅದರಲ್ಲೇ ಒಂದು ಪಾಲು ಸೇಫ್ಟಿಗೆ ಅಂತ ಸರ್ಕಾರ ಇಟ್ಟಿದೆ. ಜನ ಜಾಸ್ತಿ ದಾಟೋ ಕಡೆ ಅಂಡರ್‌ಪಾಸ್."

"ಪಾಸು ಅಂದ್ರೆ, ನಮ್ಮಂಥ ವಯಸ್ಸಾದೋರಿಗಾ?" ಅಕ್ಕಯ್ಯಮ್ಮ ಕೇಳಿದರು.

"ಬಸ್ ಪಾಸಲ್ಲ ಕಣಮ್ಮ. ರಸ್ತೆ ಕೆಳಗೆ ದಾರಿ. ಮೇಲೆ ಲಾರಿ ಹೋಗ್ತಾ ಇರುತ್ತೆ, ಕೆಳಗೆ ನೀನು ಸೊಪ್ಪಿನ ಹೊರೆ ಹೊತ್ಕೊಂಡು ಬರ್ತಾ ಇರ್ತೀಯ."

ರಾಮಾಂಜಿನಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಿದರು. ಅವರ ಸೊಪ್ಪಿನ ತೋಟ ಹೆದ್ದಾರಿಯ ಆಚೆ, ಹುಳುವಿನ ಮನೆ ಈಚೆ. ಊರಿನ ಎಲ್ಲರದೂ ಹಾಗೆಯೇ. ಕಳೆದ ಯುಗಾದಿಯ ಹಿಂದುಮುಂದು ಲಾರಿಯೊಂದು ಅಕ್ಕಯ್ಯಮ್ಮನವರ ತಲೆಯ ಮೇಲಿದ್ದ ಹೊರೆಯನ್ನು ಸವರಿಕೊಂಡು ಹೋಗಿತ್ತು. ಹೊರೆ ಹತ್ತು ಮಾರು ದೂರ ಬಿದ್ದಿತು, ಅವರು ಇದ್ದಲ್ಲೇ ಕುಕ್ಕರಿಸಿದ್ದರು. ಅವತ್ತಿನಿಂದ ಅವರು ರಸ್ತೆ ದಾಟಿಲ್ಲ. ಅವತ್ತಿನಿಂದಲೇ ಹರಿಕೃಷ್ಣನದು ಒಂದೇ ಹಟ, ಹುಳು ಸಾಕುವುದನ್ನು ಬಿಡಬೇಕೆಂದು. ಕೊನೆಗೆ ಅಪ್ಪ ಮಗನ ನಡುವೆ ಒಂದು ಮಾತಾಗಿತ್ತು: ರಸ್ತೆ ಅಗಲವಾಗಿ, ದಾಟಲು ಭದ್ರವಾದ ದಾರಿ ಸಿಗದೆ ಹೋದರೆ ಹುಳುವಿನ ಮನೆಗೆ ಬೀಗ.

ಆ ಹುಳುವಿನ ಮನೆ ಶೋಭಾಳ ಕೈಯಲ್ಲಿತ್ತು. ಚಿಂತಾಮಣಿಯ ತವರಿನಿಂದ ಬಂದಾಗ ಅವಳಿಗೆ ಹುಳು ಮುಟ್ಟಲು ಹೇಸಿಗೆ. ಈಗ ತರಬೇತಿ ಮುಗಿಸಿದ ಸರ್ಟಿಫಿಕೇಟು ಗೋಡೆಯ ಮೇಲಿದೆ, ಅವಳ ಗೂಡು ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಹೆಸರು ಹಿಡಿದು ಕೇಳುವಂತಾಗಿದೆ.

"ಜನ ಜಾಸ್ತಿ ದಾಟ್ತಾರೆ ಅಂತ ಅವರಿಗೆ ಹೆಂಗೆ ಗೊತ್ತಾಗುತ್ತೆ?" ಮಾವ ಕೇಳಿದರು.

"ಎಣಿಸ್ತಾರಪ್ಪ. ಪ್ರತಿ ಊರಲ್ಲೂ ಎರಡೆರಡು ದಿನ ಒಬ್ಬನ್ನ ಕೂರಿಸ್ತಾರೆ. ನಮ್ಮೂರಿಗೂ ಇಷ್ಟರಲ್ಲೇ ಬರ್ತಾನೆ."

ಶೋಭಾ ಸಾರಿನ ಸೌಟನ್ನು ಪಾತ್ರೆಗೇ ಬಿಟ್ಟಳು. "ಬಂದು ಹೋದ," ಅಂದಳು.

"ಯಾರು?"

"ಹೊಂಗೆಮರದ ಕೆಳಗೆ ಕೂತಿದ್ದ. ನಿನ್ನೆ, ಇವತ್ತು. ನಾನೇ ಮಜ್ಜಿಗೆ ಕೊಟ್ಟೆ. ಯಾರೂ ದಾಟಲ್ಲ ಅಂತ ನಾನೇ ಹೇಳ್ದೆ."

ಹರಿಕೃಷ್ಣ ಹೆಂಡತಿಯ ಮುಖ ನೋಡಿದ. "ಜೊತೆಗೆ ಎಲೆ ಅಡಿಕೆನೂ ಕೊಡಬೇಕಿತ್ತು."

"ಅವಳಿಗೇನು ಗೊತ್ತಿತ್ತೋ?" ಅತ್ತೆ ಅಡ್ಡ ಬಂದರು. "ಬಾಯಾರಿದೋನಿಗೆ ಮಜ್ಜಿಗೆ ಕೊಟ್ಟಿದ್ದು ತಪ್ಪಾ?"

"ಮಜ್ಜಿಗೆ ತಪ್ಪಲ್ಲಮ್ಮ, ಮಾತು ತಪ್ಪು."

ಬೆಳಗ್ಗೆ ಹುಳು ಜ್ವರದಿಂದ ಎದ್ದವು. ಊರಿಗೆ ಊರೇ ಕುಡುಗೋಲು ಹಿಡಿದು ರಸ್ತೆ ದಾಟಿತು. ಶೋಭಾ ಎಲ್ಲರಿಗಿಂತ ಮುಂಚೆ ಹೊಂಗೆಮರದ ಹತ್ತಿರ ಓಡಿದಳು. ಕುರ್ಚಿ ಇರಲಿಲ್ಲ. ಕಲ್ಲಿನ ಮೇಲೆ ಅವಳ ಲೋಟವಿತ್ತು, ಅರ್ಧ ಮಜ್ಜಿಗೆ ಹಾಗೆಯೇ ಇತ್ತು.

ಅದಾಗಿ ನಾಲ್ಕು ದಿನಕ್ಕೆ ಊರಿಗೆ ಒಂದು ಜೀಪು ಬಂತು. ಆ ವರ್ಷ ಎಲ್ಲೆಲ್ಲೂ ಚಿಕುನ್‌ಗುನ್ಯ. ಕೈಕಾಲು ಹಿಡಿದುಕೊಂಡು ಕುಂಟುವವರನ್ನು ಕಾಣದ ಊರಿಲ್ಲ. ಬೊಮ್ಮನಕುಂಟೆಗೆ ಮಾತ್ರ ಅದು ಇನ್ನೂ ಕಾಲಿಟ್ಟಿರಲಿಲ್ಲ. ಜೀಪಿನಿಂದ ಇಳಿದ ಇಬ್ಬರು ಸೊಳ್ಳೆಗೆ ಹೊಗೆ ಬಿಡುವ ಯಂತ್ರವನ್ನು ಹೆಗಲಿಗೇರಿಸುತ್ತಿದ್ದುದನ್ನು ಮೊದಲು ಕಂಡವರು ಅಕ್ಕಯ್ಯಮ್ಮ. ಅವರು ಕಸ ಗುಡಿಸುತ್ತಿದ್ದ ಪೊರಕೆ ಸಮೇತ ರಸ್ತೆಗಿಳಿದರು.

"ಏಮಿ ನಾಯನಾ, ಏನದು?"

"ಸೊಳ್ಳೆ ಔಷಧಿ ಅಜ್ಜಿ. ಮನೆ ಮನೆಗೂ ಹೊಡೀಬೇಕು. ಬಾಗಿಲು ತೆಗೀರಿ."

ಹುಳು ಸಾಕುವ ಬಿದಿರಿನ ತಟ್ಟೆಗಳಲ್ಲಿ ಆಗ ಹುಳು ಬೆರಳುದ್ದ ಇದ್ದವು. ಇನ್ನು ಮೂರು ದಿನಕ್ಕೆ ಬಲಿತು ಹಣ್ಣಾಗಿ ಗೂಡು ಕಟ್ಟಲು ಏರಬೇಕು. ಆ ಹೊಗೆ ಒಂದು ಸಲ ಒಳಗೆ ಹೊಕ್ಕರೆ ನಲವತ್ತು ಮನೆಯ ಬೆಳೆಯೂ ತಿಪ್ಪೆಗೆ.

"ಯಂತ್ರ ಶುರು ಮಾಡಿದ್ರೆ ಈ ಪೊರಕೆ ನಿನ್ನ ಮುಖದ ಮೇಲೆ," ಅಂದರು ಅಕ್ಕಯ್ಯಮ್ಮ. "ಪೋ, ಪೋ. ಜೀಪು ಹತ್ತು."

ಗಲಾಟೆಗೆ ಜನ ಸೇರಿದರು. ಪಕ್ಕದ ಮನೆಯ ಚಿಕ್ಕವೆಂಕಟಮ್ಮ ಜೀಪಿನ ಚಕ್ರದ ಮುಂದೆ ಕಾಲು ಚಾಚಿ ಕೂತೇ ಬಿಟ್ಟಳು. ಜೀಪಿನಲ್ಲಿ ಬಂದ ಇಬ್ಬರಲ್ಲಿ ಹಿರಿಯನಾದ ಗಂಗುಲಪ್ಪ ಸಮಾಧಾನದ ಮನುಷ್ಯ. ಜೇಬಿನಿಂದ ಒಂದು ಕಾಗದ ತೆಗೆದು, "ನಾವೇನು ನಮ್ಮ ಇಷ್ಟಕ್ಕೆ ಬಂದಿದ್ದೀವೇನಮ್ಮಾ? ನೋಡಿ, ರಸ್ತೆ ಸರ್ವೇ ಮಾಡಿದೋರೇ ಬರೆದು ತಿಳಿಸಿದ್ದಾರೆ," ಎಂದು ಶೋಭಾಳ ಕೈಗೆ ಕೊಟ್ಟ.

ಶೋಭಾ ಓದಿದಳು. ಎರಡು ದಿನದಲ್ಲಿ ರಸ್ತೆ ದಾಟಿದವರು ಅರವತ್ತೊಂದು. ಅದರ ಮುಂದೆ ಷರಾ: 'ಗ್ರಾಮದ ಎಲ್ಲಾ ಮನೆಗಳಲ್ಲಿಯೂ ನಾಲ್ಕನೇ ಬಾರಿ ಜ್ವರ ಕಾಣಿಸಿಕೊಂಡಿದ್ದು, ವೈದ್ಯರನ್ನು ಕಂಡಿರುವುದಿಲ್ಲ. ಜನ ಮನೆಯಿಂದ ಹೊರಬರುತ್ತಿಲ್ಲ.'

"ಅಯ್ಯೋ ಸಾರ್, ಇದು ಹುಳದ ಜ್ವರ," ಅಂದಳು. ನಗು ಬರುತ್ತಿತ್ತು, ಅಳುವೂ ಬರುತ್ತಿತ್ತು.

ಗಂಗುಲಪ್ಪನ ಕೈಕಾಲು ತೊಳೆಸಿ ಒಳಗೆ ಕರೆದುಕೊಂಡು ಹೋಗಿ ತಟ್ಟೆ ತೋರಿಸಿದ್ದಾಯಿತು. ಸೊಪ್ಪು ಮೇಯುವ ಹುಳುಗಳ ಸದ್ದು, ಹಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ, ಅವನಿಗೂ ಕೇಳಿಸಿತು. ಅವನು ಯಂತ್ರ ಜೀಪಿಗೆ ಹಾಕಿಸಿ, ನೀರಿನ ತೊಟ್ಟಿ ಮುಚ್ಚಿಡಲು ಹೇಳಿ, ಕಾಫಿ ಕುಡಿದು ಹೋದ.

ಸಂಜೆ ಪಂಚಾಯಿತಿ ಮೆಂಬರು ಕೋನಪ್ಪ ಇವರ ಜಗುಲಿಗೆ ಬಂದು ಕೂತ. ಅವನ ಕಣ್ಣು ಹೊಳೆಯುತ್ತಿದ್ದವು.

"ಒಳ್ಳೇದೇ ಆಯ್ತು ರಾಮಾಂಜಿನಪ್ಪಣ್ಣ. ಊರಿಗೆ ಕಾಯಿಲೆ ಇದ್ದಾಗ ಎಣಿಸಿದ್ದು ಲೆಕ್ಕಕ್ಕಿಲ್ಲವಂತೆ, ಮತ್ತೆ ಎಣಿಸಲೇಬೇಕಂತೆ. ರಸ್ತೆ ಆಫೀಸಲ್ಲಿ ಕೇಳ್ಕೊಂಡು ಬಂದೆ. ಜ್ವರ ಮನುಷ್ಯರಿಗೇ ಅಂತ ಒಂದು ಅರ್ಜಿ ಹಾಕಿದ್ರೆ ಮುಗೀತು."

"ಹಾಕು," ಅಂದ ಹರಿಕೃಷ್ಣ.

"ಮನುಷ್ಯರಿಗೆ ಅಂದ್ರೆ ಆ ಹೊಗೆ ಮತ್ತೆ ಬರುತ್ತೆ," ಶೋಭಾ ಬಾಗಿಲ ಬಳಿಯಿಂದ ಹೇಳಿದಳು.

"ಹುಳಕ್ಕೆ ಅಂದ್ರೆ ಅರವತ್ತೊಂದೇ ಖಾಯಂ ಆಗುತ್ತೆ," ಕೋನಪ್ಪ ಅಂದ.

ಶೋಭಾಳಿಗೆ ಮಾತ್ರ ಒಂದು ವಿಷಯ ಬಗೆಹರಿಯಲಿಲ್ಲ. ಆಡಿದ ಒಂದು ಮಾತಿನಿಂದಲೇ ಇಷ್ಟಾಗಿರುವಾಗ, ಅದರ ಮೇಲೆ ಇನ್ನೊಂದು ಸುಳ್ಳು ಹೇರಿದರೆ ಯಾವ ಜೀಪು ಬಂದು ನಿಲ್ಲುತ್ತದೋ.

"ನಾನೇ ಹೋಗಿ ಇದ್ದದ್ದು ಇದ್ದ ಹಾಗೆ ಹೇಳ್ತೀನಿ," ಅಂದಳು.

"ನೀನು ಹೇಳಿದ್ದೇ ಸಾಕಾಗಿದೆ," ಅಂದ ಹರಿಕೃಷ್ಣ.

"ಹೋಗ್ಲಿ ಬಿಡೋ," ರಾಮಾಂಜಿನಪ್ಪ ಮಗನ ಕಡೆ ತಿರುಗದೆ ಅಂದರು. "ಎಡವಿದೋಳೇ ಎದ್ದು ನಡೀಲಿ."

ಗೂಡು ಮಾರಾಟವಾದ ಮಾರನೆಯ ದಿನ ಅವಳು ಚಿಕ್ಕಬಳ್ಳಾಪುರದ ಬಸ್ಸು ಹತ್ತಿದಳು. ಅತ್ತೆಯೂ ಹೊರಟರು, ಬೇಡವೆಂದರೂ ಕೇಳಲಿಲ್ಲ. ಶೋಭಾಳ ಚೀಲದಲ್ಲಿ ಹುಳುವಿನ ಮನೆಯ ಗೋಡೆಗೆ ತೂಗುಹಾಕಿದ್ದ ಪಟ್ಟಿ ಇತ್ತು: ಯಾವ ದಿನ ಎಷ್ಟು ಹೊರೆ ಸೊಪ್ಪು, ಯಾವ ದಿನ ಜ್ವರ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಉರು ಹೊಡೆದಳು. ಆಫೀಸಿನ ಮೆಟ್ಟಿಲು ಹತ್ತುವಾಗ ಎಲ್ಲ ಮರೆತುಹೋಯಿತು.

ಇಂಜಿನಿಯರು ಹೆಂಗಸು. ಸಂಘಮಿತ್ರ ಎಂದು ಮೇಜಿನ ಮೇಲಿನ ಹಲಗೆಯಲ್ಲಿತ್ತು. ಫೈಲು ತೆಗೆದು ಷರಾ ಓದಿದರು, ಇನ್ನೊಂದು ಸಲ ಓದಿದರು, ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

"ಹುಳು ಜ್ವರಕ್ಕೆ ಕೂತಿದ್ವಾ?"

ಶೋಭಾಳಿಗೆ ಉಸಿರು ಬಂದಂತಾಯಿತು. "ಹೂಂ ಮೇಡಂ. ನಿಮಗೆ ಗೊತ್ತಾ?"

"ಯಾರ ಪೈಕಿಯಮ್ಮ ನೀನು? ಯಾವೂರು?" ಅಕ್ಕಯ್ಯಮ್ಮ ಕುರ್ಚಿ ಎಳೆದುಕೊಂಡರು.

"ತೊಂಡೇಬಾವಿ ಹತ್ತಿರ ಅಮ್ಮಾ. ನಮ್ಮಜ್ಜಿ ಊರಿನ ದೊಡ್ಡೋರ ತೋಟದಲ್ಲಿ ಸೊಪ್ಪು ಕೊಯ್ಯೋ ಕೂಲಿಗೆ ಹೋಗ್ತಿದ್ರು. ಹೊರೆ ತಂದು ಬಾಗಿಲಲ್ಲಿ ಇಳಿಸೋದು ಅಷ್ಟೇ. ಹುಳದ ಮನೆ ಹೊಸಲು ದಾಟೋ ಹಾಗಿರಲಿಲ್ಲ ಅವರು. ಆದರೂ ನಾಲ್ಕು ಜ್ವರದ ದಿನಾನೂ ಬಾಯಲ್ಲೇ ಹೇಳ್ತಿದ್ರು. ಆ ದಿನ ಕೂಲಿ ಇರಲ್ವಲ್ಲ."

ಅಕ್ಕಯ್ಯಮ್ಮ ಸೆರಗು ಸರಿಮಾಡಿಕೊಂಡರು. ಮುಂದೆ ಏನೂ ಕೇಳಲಿಲ್ಲ.

ಸಂಘಮಿತ್ರ ಪಟ್ಟಿಯ ಮೇಲೆ ಬೆರಳಾಡಿಸಿದರು. "ಇನ್ನೆರಡು ದಿನ ಎಣಿಸೋಕೆ ಕಳಿಸ್ತೀನಿ. ಮೊದಲಿನ ಅರವತ್ತೊಂದನ್ನ ತೆಗೆದುಹಾಕೋಕೆ ಆಗಲ್ಲ, ಅದೂ ಸೇರಿ ಸಾವಿರ ದಾಟಿದ್ರೇನೇ ಅಂಡರ್‌ಪಾಸ್. ಯಾವ ಎರಡು ದಿನ ಅಂತ ನೀವೇ ಹೇಳಿ. ದೊಡ್ಡ ಹುಳ ಸೊಪ್ಪು ಮೇಯೋ ದಿನಾನೇ ಎರಡೂ ಇಡ್ಲಾ?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಶೋಭಾಳ ಬಾಯಿ ಕೇಳಬೇಕಲ್ಲ. "ಅಂಥ ದಿನ ತಿಂಗಳಲ್ಲಿ ನಾಲ್ಕೈದೇ ಮೇಡಂ. ಒಂದು ದಿನ ಅದರದ್ದು ಇಡಿ, ಇನ್ನೊಂದು ದಿನ ಮೂರನೇ ಜ್ವರ ಎದ್ದ ಮೇಲಿಂದು. ಅದು ನಡುತರದ್ದು, ಜಾಸ್ತಿನೂ ಅಲ್ಲ ಕಮ್ಮಿನೂ ಅಲ್ಲ."

ಸಂಘಮಿತ್ರ ತಲೆಯೆತ್ತಿ ಅವಳನ್ನು ನೋಡಿ, ಎರಡು ತಾರೀಖು ಬರೆದುಕೊಂಡರು.

ಮನೆಯಲ್ಲಿ ಹರಿಕೃಷ್ಣ ತಲೆಗೆ ಕೈ ಕೊಟ್ಟುಕೊಂಡು ಕೂತ. "ಅವರೇ ಕೊಡ್ತೀನಿ ಅಂದ್ರು, ಇವಳು ಬೇಡ ಅಂದ್ಲು. ನಿನ್ನನ್ನ ಕೋರ್ಟಿನಲ್ಲಿ ಜಡ್ಜಿ ಮಾಡಬೇಕಿತ್ತು."

"ಮಾಡಿದ್ರೆ ನಾನು ಬೇಡ ಅಂತಿದ್ನಾ?" ಅಂದಳು ಶೋಭಾ. ಅಂದರೂ, ಅತ್ತೆ ಎರಡನೇ ಮುದ್ದೆ ಹಾಕಿದಾಗ ಸಾಕೆಂದು ತಟ್ಟೆ ಸರಿಸಿದಳು.

ಆಗಸ್ಟಿನಲ್ಲಿ ಹೊಸ ಹುಳು ಬಂದವು. ಮೂರನೇ ಜ್ವರ ಎದ್ದ ಮಾರನೆಯ ದಿನ ಜಗನ್ ಕುರ್ಚಿ ಹಿಡಿದು ಬಂದ. ನಾಚಿಕೆಯಿಂದ ಅವನೇ ಮೊದಲು ನಕ್ಕ. ಅವತ್ತಿನ ಲೆಕ್ಕ ಮುನ್ನೂರ ಹದಿನೆಂಟು. ಹಳೆಯದು ಸೇರಿ ಮುನ್ನೂರ ಎಪ್ಪತ್ತೊಂಬತ್ತು. ಇನ್ನುಳಿದ ಒಂದು ದಿನದಲ್ಲಿ ಆರುನೂರ ಇಪ್ಪತ್ತೊಂದಕ್ಕೂ ಮೇಲೆ ಬರಬೇಕು. ಬೊಮ್ಮನಕುಂಟೆಯ ರಸ್ತೆಯನ್ನು ಅಷ್ಟು ಜನ ದಾಟುತ್ತಾರೆಯೇ ಎಂದು ಯಾರೂ ಯಾವತ್ತೂ ಎಣಿಸಿರಲಿಲ್ಲ. ಮುಂದಿನ ವಾರವೆಲ್ಲ ನಲ್ಲಿಯ ಹತ್ತಿರ, ಡೇರಿಯ ಹತ್ತಿರ ಇದೇ ಮಾತು. ಮನೆಗೆ ಇಬ್ಬರು, ನಾಲ್ಕು ಸಲ ಸೊಪ್ಪು, ಹೋಗುವುದೊಂದು ಬರುವುದೊಂದು. ಬೆರಳು ಮಡಚಿ ಲೆಕ್ಕ ಹಾಕಿದವರಿಗೆಲ್ಲ ಬೇರೆಬೇರೆ ಉತ್ತರ ಬರುತ್ತಿತ್ತು.

ನಾಲ್ಕನೇ ಜ್ವರ ಎದ್ದ ಐದನೇ ದಿನ ಬೆಳಗ್ಗೆ ಆರಕ್ಕೆ ಎಣಿಕೆ ಶುರುವಾಯಿತು. ಹೊಂಗೆಮರದ ಸುತ್ತ ಮದುವೆ ಮನೆಯ ಕಳೆ. ಹತ್ತು ಗಂಟೆಗೆ ಇನ್ನೂರು ದಾಟಿತು. ಶೋಭಾ ಪ್ರತಿ ಸಲ ಹೊರೆ ಹೊತ್ತು ದಾಟುವಾಗಲೂ ಜಗನ್ ಕೈಯಲ್ಲಿದ್ದ ಎಣಿಕೆಯ ಪುಟ್ಟ ಯಂತ್ರದ ಗುಂಡಿ ಟಕ್ಕೆನ್ನುವುದು ಕೇಳಿಸುತ್ತಿತ್ತು. ಹನ್ನೊಂದಕ್ಕೆ ಕೋನಪ್ಪ ಒಂದು ಟ್ರ್ಯಾಕ್ಟರಿನಲ್ಲಿ ನಂದಿಯ ಕಡೆಯ ತನ್ನ ನೆಂಟರನ್ನೆಲ್ಲ ತುಂಬಿಕೊಂಡು ಬಂದ. ಒಗೆದ ಪಂಚೆ, ಹೊಸ ಸೀರೆ.

"ಸುಮ್ನೆ ಆ ಕಡೆ ಈ ಕಡೆ ಓಡಾಡ್ರಪ್ಪ," ಅಂದ.

ಶೋಭಾ ಹೊರೆ ಇಳಿಸಿ ಅಡ್ಡ ನಿಂತಳು. "ಬೇಡ ಕೋನಪ್ಪಣ್ಣ. ಒಂದು ಸಲ ತಪ್ಪು ಬರೆಸಿ ಆಗಿದೆ."

"ಏನಮ್ಮ ನೀನು, ಊರಿನ ಒಳ್ಳೇದಕ್ಕೆ ಮಾಡಿದ್ರೆ."

ಜಗನ್ ರಿಜಿಸ್ಟರಿನಿಂದ ತಲೆಯೆತ್ತಿದ. "ನನ್ನ ಹತ್ರ ಬರಿಗೈ, ಹೊರೆ, ಸೈಕಲ್, ದನ ಅಂತ ಕಾಲಂ ಇದೆ ಸಾರ್. ಇವರನ್ನ ಯಾವುದಕ್ಕೆ ಹಾಕ್ಲಿ?"

"ದನಕ್ಕೆ ಹಾಕು," ಯಾರೋ ಹೆಂಗಸು ಹಿಂದಿನಿಂದ ಅಂದಳು. ಜನ ಗೊಳ್ಳೆಂದರು. ನೆಂಟರೂ ನಕ್ಕು ಟ್ರ್ಯಾಕ್ಟರಿನಿಂದ ಇಳಿಯದೆ ಕೂತರು. ಅವರಿಗೆ ಶೋಭಾಳ ಮನೆಯಿಂದಲೇ ಪಾನಕ ಹೋಯಿತು.

ನಾಲ್ಕು ಗಂಟೆಗೆ ಐನೂರ ಹನ್ನೆರಡು. ಇನ್ನು ಸಂಜೆಯ ಸೊಪ್ಪೊಂದೇ ಬಾಕಿ. ಶೋಭಾಳಿಗೆ ನಡುತರದ ದಿನ ಕೇಳಿದ ತನ್ನ ಬಾಯಿಗೇ ಎರಡು ಬಿಗಿಯಬೇಕೆನ್ನಿಸುತ್ತಿತ್ತು. ತೋಟದಲ್ಲಿ ಕೊನೆಯ ಹೊರೆಗಳನ್ನು ಕಟ್ಟುತ್ತ ಬೆನ್ನು ನೆಟ್ಟಗೆ ಮಾಡಿದಾಗ, ಬದುವಿನ ಮೇಲೆ ಅತ್ತೆ ನಿಂತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ತಲೆಗೆ ಸಿಂಬಿ ಇಟ್ಟುಕೊಂಡಿದ್ದರು.

"ಅತ್ತೆ, ರಸ್ತೆ ದಾಟಿ ಬಂದ್ರಾ?"

"ಹಾರಿ ಬಂದೆ. ಏರ್‌ಪೋರ್ಟ್ ಆಗ್ತಿದೆಯಲ್ಲ. ಹೊರೆ ಎತ್ತು."

ಅಷ್ಟರಲ್ಲಿ ಹೆದ್ದಾರಿಯಲ್ಲಿ, ತೋಟದ ಬದಿಗೇ ಕೆಲಸದ ಬಸ್ಸು ನಿಂತು ಹರಿಕೃಷ್ಣ ಇಳಿದ. ಅಮ್ಮನನ್ನು ಕಂಡವನೇ ತೋಟಕ್ಕೆ ಓಡಿ ಬಂದ.

"ಅಮ್ಮ, ಇಳಿಸು. ನಾನು ಹೊರ್ತೀನಿ."

"ಅಲ್ಲಿ ಇನ್ನೊಂದು ಇದೆ, ಅದನ್ನ ಹೊರು. ಹುಳ ಹಸಿದಿವೆ, ಮಾತಾಡ್ತಾ ನಿಲ್ಲಬೇಡ."

ಹರಿಕೃಷ್ಣ ಅಂಗಿ ಬಿಚ್ಚಿ ಸುತ್ತಿ ತಲೆಗಿಟ್ಟುಕೊಂಡು ಹೊರೆ ಎತ್ತಿದ. ಮೂವರೂ ರಸ್ತೆಯ ಅಂಚಿನಲ್ಲಿ ನಿಂತರು. ಲಾರಿಗಳ ಸಾಲು ಮುಗಿಯುವವರೆಗೆ ಅವನು ಅಮ್ಮನ ರಟ್ಟೆ ಬಿಡಲಿಲ್ಲ. ದಾಟಿ ಬಂದಾಗ ಟಕ್, ಟಕ್, ಟಕ್ ಎಂದು ಮೂರು ಸಲ ಕೇಳಿಸಿತು. ಅಕ್ಕಯ್ಯಮ್ಮ ಹೊರೆ ಇಳಿಸದೆಯೇ ಜಗನ್‌ನ ಮುಂದೆ ನಿಂತು, "ನನ್ನದು ಒತ್ತಿದ್ಯಾ?" ಎಂದು ಕೇಳಿ ಖಾತ್ರಿ ಮಾಡಿಕೊಂಡರು.

ಆರು ಗಂಟೆಗೆ ಜಗನ್ ಎಣಿಕೆಯ ಯಂತ್ರವನ್ನು ಜೇಬಿಗೆ ಹಾಕಿ, ಪುಟ ಕೂಡಿಸಿ, ಎದ್ದು ನಿಂತ. "ಇವತ್ತು ಆರುನೂರ ಅರವತ್ತನಾಲ್ಕು. ಎಲ್ಲಾ ಸೇರಿ ಸಾವಿರದ ನಲವತ್ತಮೂರು."

ಶಿಳ್ಳೆ ಬಿದ್ದವು. ರಾಮಾಂಜಿನಪ್ಪ ಹೆಗಲ ಮೇಲಿನ ಟವಲನ್ನು ಗಾಳಿಗೆ ಬೀಸಿ, ಮರುಕ್ಷಣವೇ ಏನೂ ಆಗದವರಂತೆ ಮಡಿಸಿಟ್ಟುಕೊಂಡರು. ಶೋಭಾ ಕಲ್ಲಿನ ಮೇಲೆ ಕೂತುಬಿಟ್ಟಳು.

"ಷರಾ ಕಾಲಂ ಖಾಲಿ ಇದೆ ಮೇಡಂ," ಜಗನ್ ಅವಳ ಕಡೆ ಬಾಗಿದ. "ಈ ಸಲ ನೀವೇ ಹೇಳಿ, ಅದೇ ಬರೀತೀನಿ."

"ಹುಳು ಹಸಿದಿದ್ದವು ಅಂತ ಬರೀರಿ ಸಾರ್. ರೇಷ್ಮೆಹುಳು ಅಂತ ಪೂರ್ತಿ ಬರೀರಿ."

ಕಾಗದಗಳು ಎಲ್ಲೆಲ್ಲಿಗೆ ಹೋಗಬೇಕೋ ಹೋಗಿ ಬರಲು ದೀಪಾವಳಿ ಕಳೆಯಿತು. ಒಂದು ಬೆಳಗ್ಗೆ ಸಂಘಮಿತ್ರ ಇಬ್ಬರು ಆಳುಗಳೊಂದಿಗೆ ಬಂದು ಹೊಂಗೆಮರದ ಹತ್ತಿರ ಸುಣ್ಣದ ಗೆರೆ ಎಳೆಸಿದರು. ಅವತ್ತು ಹರಿಕೃಷ್ಣ ಕೆಲಸಕ್ಕೆ ರಜೆ ಹಾಕಿದ್ದ. ಬೀಗದ ಮಾತನ್ನು ಅವನು ಆಗಲೇ ಮರೆತ ಹಾಗಿತ್ತು. ಹುಳುವಿನ ಮನೆಗೆ ಇನ್ನೊಂದು ಸಾಲು ತಟ್ಟೆ ತರುವ ಮಾತಾಡುತ್ತಿದ್ದ.

ಅಕ್ಕಯ್ಯಮ್ಮ ಒಂದು ಚೊಂಬು ನೀರು ಹಿಡಿದು ಗೆರೆಯ ತನಕ ಬಂದರು. "ಕೈಕಾಲು ತೊಳ್ಕೊಂಡು ಒಳಗೆ ಬಾಮ್ಮ. ಮೊದಲು ಹುಳ ನೋಡು, ಆಮೇಲೆ ಗೆರೆ."

ಸಂಘಮಿತ್ರ ಕಾಲು ತೊಳೆದುಕೊಂಡು ಹೊಸಲು ದಾಟಿದರು. ತಟ್ಟೆಗಳ ನಡುವೆ ಸುಮ್ಮನೆ ನಿಂತರು. ಕಿವಿ ಹುಳುಗಳ ಸದ್ದಿನ ಕಡೆಗಿತ್ತು. ಹೊರಗೆ ಬಂದಾಗ ಅವರ ಮೂಗು ಕೆಂಪಾಗಿತ್ತು. ಚೀಲದಿಂದ ನಕ್ಷೆ ತೆಗೆದು ಹರಡಿದರು.

"ಜನ ನಡೆಯೋ ದಾರಿಗೆ ಎತ್ತರ ಎಂಟು ಅಡಿ ಅಂತ ಹಾಕಿದ್ದಾರೆ. ಸಾಕಾಗುತ್ತಾ?"

"ತಲೆ ಮೇಲೆ ಹೊರೆ ಇದ್ರೆ?" ಅಂದರು ಅಕ್ಕಯ್ಯಮ್ಮ.

ಶೋಭಾ ಓಡಿ ಹೋಗಿ ಬೆಳಗಿನ ಸೊಪ್ಪಿನ ಹೊರೆ ತಂದು ಅತ್ತೆಯ ತಲೆಯ ಮೇಲಿಟ್ಟಳು. ಅಕ್ಕಯ್ಯಮ್ಮ ಗೆರೆಯ ನಡುವೆ, ಫೋಟೊ ತೆಗೆಸಿಕೊಳ್ಳುವವರ ಹಾಗೆ ನೆಟ್ಟಗೆ ನಿಂತರು. ಸಂಘಮಿತ್ರ ಅಳತೆಯ ಟೇಪಿನ ಒಂದು ತುದಿಯನ್ನು ಅವರ ಪಾದದ ಹತ್ತಿರ ಹಿಡಿದರು. ಇನ್ನೊಂದು ತುದಿಯನ್ನು ಹರಿಕೃಷ್ಣ ಕಲ್ಲಿನ ಮೇಲೆ ಹತ್ತಿ, ಹೊರೆಯ ತುತ್ತತುದಿಯ ಎಲೆಗೆ ತಾಗಿಸಿದ.

"ಏಳು ಅಡಿ ನಾಲ್ಕು ಇಂಚು," ಅಂದ. "ಎಂಟು ಸಾಕು ಮೇಡಂ."

ಅಕ್ಕಯ್ಯಮ್ಮ ಕತ್ತು ಅಲ್ಲಾಡಿಸದೆ, ಕಣ್ಣು ಮಾತ್ರ ಸಂಘಮಿತ್ರರ ಕಡೆ ಹೊರಳಿಸಿದರು.

"ಅವನ ಮಾತು ಕೇಳಬೇಡಮ್ಮ. ಒಂಬತ್ತು ಅಂತ ಬರ್ಕೋ. ಇದು ಎರಡನೇ ಜ್ವರ ಎದ್ದ ಹುಳದ ಹೊರೆ. ನಾಲ್ಕನೇದು ಎದ್ದ ಮೇಲೆ ಬಂದು ನೋಡು."